ನಂಬಿಕೆಯ ಸಾಲು

ಮನುಷ್ಯನು ಮನುಷ್ಯನನ್ನು ನಂಬದೆ ಒಂದು ದಿನವಾದರೂ ಬಾಳಲಾರ. ಹಾಲು ಹಾಕುವವನನ್ನು ನಂಬುತ್ತೇವೆ, ಬಸ್ಸು ನಡೆಸುವವನನ್ನು ನಂಬುತ್ತೇವೆ, ಔಷಧ ಕೊಡುವ ವೈದ್ಯರನ್ನು ನಂಬುತ್ತೇವೆ. ಆದರೆ ಒಂದು ದೇಶವು ಮತ್ತೊಂದು ದೇಶದ ಪ್ರಜೆಯನ್ನು ನಂಬುವುದೆಂದರೆ ಅದು ಬೇರೆಯೇ ಮಾತು. ಅಂತಹ ನಂಬಿಕೆಗೆ ಅರ್ಜಿಯುಂಟು, ಶುಲ್ಕವುಂಟು, ಅವಧಿಯುಂಟು. ಒಮ್ಮೆ ಕೊಟ್ಟುದನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಉಂಟು. ಈ ಇಳಿವಯಸ್ಸಿನಲ್ಲಿ ನನಗೂ ನನ್ನ ಪತ್ನಿಗೂ ಅಂತಹದೊಂದು ನಂಬಿಕೆ ದೊರೆಯಿತು. ಅದನ್ನು ನಾನು ಒಂದು ಕ್ಷಣದಲ್ಲಿ ಕಳೆದುಬಿಡಲಿದ್ದೆ, ಆಕೆ ಉಳಿಸಿದಳು. ಮಕ್ಕಳನ್ನು ಪರದೇಶಕ್ಕೆ ಕಳುಹಿಸಿ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅವರ ಮುಖ ನೋಡಲು ಹೋಗಿ ಬರುವ ನಮ್ಮ ಸಮಾಜದ ಅನೇಕ ಮನೆತನಗಳಿಗೆ ಈ ಅನುಭವವು ಉಪಯೋಗವಾದೀತೆಂದು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಸೇವೆ ಸಲ್ಲಿಸಿ 2016ರಲ್ಲಿ ನಿವೃತ್ತನಾದವನು. ನಮ್ಮ ಒಬ್ಬಳೇ ಮಗಳು ಅಮೇರಿಕೆಯ ನ್ಯೂಜೆರ್ಸಿಯಲ್ಲಿ ಪತಿ, ಮಗನೊಡನೆ ನೆಲೆಸಿದ್ದಾಳೆ. 2018ರ ಬೇಸಿಗೆಯಲ್ಲಿ ನಾವು ದಂಪತಿಗಳು ಮೊಟ್ಟಮೊದಲು ಅಲ್ಲಿಗೆ ಹೋದೆವು. ಧಾರವಾಡ ಬಿಟ್ಟು ಎರಡನೆಯ ದಿನ ಆ ದೇಶದ ಪೂರ್ವ ಕರಾವಳಿಯ ಒಂದು ದೊಡ್ಡ ವಿಮಾನ ನಿಲ್ದಾಣದಲ್ಲಿ ಇಳಿದಾಗ, ಪರದೇಶೀಯರ ತಪಾಸಣೆಯ ಸಾಲು ಹಾವಿನಂತೆ ಸುತ್ತಿ ಸುತ್ತಿ ನಿಂತಿತ್ತು. ಏಕಕಾಲಕ್ಕೆ ಐದಾರು ವಿಮಾನಗಳು ಬಂದಿಳಿದಿದ್ದವಂತೆ. ಎರಡು ತಾಸಿಗಿಂತ ಹೆಚ್ಚು ಹೊತ್ತು ನಿಂತೆವು. ಪತ್ನಿಗೆ ಮೊದಲೇ ಮೊಣಕಾಲು ಬೇನೆ. ವಿಮಾನದಲ್ಲಿ ಕುಳಿತೇ ಪಾದಗಳು ಬಾತಿದ್ದವು. ಕೂಡಲು ಒಂದು ಕುರ್ಚಿಯಿಲ್ಲ. ನಮ್ಮ ಹಿಂದೆ ಗದಗಿನ ಕಡೆಯ ಒಬ್ಬ ವೃದ್ಧ ತಾಯಿ ಒಬ್ಬಂಟಿಯಾಗಿ ಬಂದಿದ್ದರು. ಮಗನ ಮನೆಯ ವಿಳಾಸ ಬರೆದ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು, ಪ್ರತಿ ಐದು ನಿಮಿಷಕ್ಕೊಮ್ಮೆ ಅದನ್ನು ಬಿಡಿಸಿ ನೋಡಿಕೊಳ್ಳುತ್ತಿದ್ದರು. ನನ್ನ ಪತ್ನಿ ತನ್ನ ಕಾಲುನೋವು ಮರೆತು ಅವರ ಕೈ ಹಿಡಿದು ನಿಂತಳು.

ಅದೇ ಹೊತ್ತಿನಲ್ಲಿ ಪಕ್ಕದ ಇನ್ನೊಂದು ದಾರಿಯಲ್ಲಿ ಕೆಲವರು ನಿಲ್ಲದೆ ನಡೆದುಹೋಗುತ್ತಿದ್ದರು. ಅವರು ದೊಡ್ಡ ಅಧಿಕಾರಿಗಳಿರಬೇಕು, ಇಲ್ಲವೆ ಹೆಚ್ಚು ಹಣ ಕೊಟ್ಟವರಿರಬೇಕು ಎಂದು ಭಾವಿಸಿದೆ. ಹೊರಗೆ ಕಾದಿದ್ದ ಅಳಿಯಂದಿರು ವಿಷಯ ತಿಳಿಸಿದರು. ಅದು ‘ಗ್ಲೋಬಲ್ ಎಂಟ್ರಿ’ ಎಂಬ ಏರ್ಪಾಡು. ಮೊದಲೇ ಅರ್ಜಿ ಸಲ್ಲಿಸಿ, ಪೂರ್ವಾಪರ ವಿಚಾರಣೆಗೆ ಒಳಗಾಗಿ, ಬೆರಳಚ್ಚು ಕೊಟ್ಟು, ಅಧಿಕಾರಿಯ ಮುಖತಃ ಸಂದರ್ಶನ ಮುಗಿಸಿದವರನ್ನು ಆ ಸರ್ಕಾರವು ‘ನಂಬತಕ್ಕ ಪ್ರಯಾಣಿಕರು’ ಎಂದು ಗುರುತಿಸಿ, ಐದು ವರ್ಷಗಳ ಅವಧಿಗೆ ಬೇರೆ ದಾರಿಯಲ್ಲಿ ಬಿಡುತ್ತದೆ. 2008ರಲ್ಲಿ ನ್ಯೂಯಾರ್ಕ್, ಹ್ಯೂಸ್ಟನ್, ವಾಷಿಂಗ್ಟನ್ ಈ ಮೂರು ಕಡೆ ಪ್ರಯೋಗವಾಗಿ ಪ್ರಾರಂಭವಾದ ಏರ್ಪಾಡಿದು. ಮೊದಲಿಗೆ ಅಲ್ಲಿಯವರಿಗೇ ಇದ್ದುದು ಕ್ರಮೇಣ ಆಯ್ದ ಕೆಲವು ದೇಶಗಳ ಪ್ರಜೆಗಳಿಗೂ ತೆರೆಯಿತು. ಭಾರತೀಯರಿಗೆ 2017ರಿಂದ ಅವಕಾಶ ದೊರೆತಿದೆ. ಕೆನಡಾದ ಗಡಿಗೆ ‘ನೆಕ್ಸಸ್’, ಮೆಕ್ಸಿಕೋದ ಗಡಿಗೆ ‘ಸೆಂಟ್ರಿ’ ಎಂಬ ಇದರ ಸೋದರ ಏರ್ಪಾಡುಗಳೂ ಇವೆ.

ಇದರ ಹಿಂದಿನ ತರ್ಕ ಸರಳವಾದುದು. ಬಂದವರೆಲ್ಲರನ್ನೂ ಒಂದೇ ಪ್ರಮಾಣದಲ್ಲಿ ಶೋಧಿಸುವುದರಿಂದ ಕಾಲವೂ ಶ್ರಮವೂ ವ್ಯರ್ಥವಾಗುತ್ತವೆ. ಪರಿಚಿತರಾದವರನ್ನು ಮೊದಲೇ ವಿಚಾರಿಸಿ ಬದಿಗಿರಿಸಿದರೆ, ಅಪರಿಚಿತರ ಕಡೆಗೆ ಹೆಚ್ಚು ಗಮನ ಕೊಡಬಹುದು. ಬ್ಯಾಂಕಿನಲ್ಲಿ ದುಡಿದ ನನಗೆ ಇದು ಕೂಡಲೇ ಅರ್ಥವಾಯಿತು. ಹಳೆಯ ಗ್ರಾಹಕನಿಗೂ ಹೊಸದಾಗಿ ಸಾಲ ಕೇಳಿ ಬಂದವನಿಗೂ ನಾವು ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಿರಲಿಲ್ಲ.

ಮಗಳ ಒತ್ತಾಯದ ಮೇರೆಗೆ 2022ರಲ್ಲಿ ನಾವಿಬ್ಬರೂ ಅರ್ಜಿ ಸಲ್ಲಿಸಿದೆವು. ಆಗ ಶುಲ್ಕ ತಲಾ 100 ಡಾಲರ್ ಇತ್ತು. 2024ರ ಅಕ್ಟೋಬರ್ 1ರಿಂದ ಅದು 120 ಡಾಲರ್ ಆಗಿದೆ. ಅರ್ಜಿ ತಿರಸ್ಕೃತವಾದರೂ ಹಣ ಹಿಂದಿರುಗುವುದಿಲ್ಲ. ಭಾರತೀಯರಾದವರು ನಮ್ಮ ಪಾಸ್‌ಪೋರ್ಟ್ ಇಲಾಖೆಯ ಮೂಲಕವೂ ಪೂರ್ವಾಪರ ಪರಿಶೀಲನೆ ಮಾಡಿಸಿಕೊಳ್ಳಬೇಕು. ಪೊಲೀಸ್ ಪೇದೆಯೊಬ್ಬರು ಮನೆಗೆ ಬಂದು, ಕಾಗದಪತ್ರ ನೋಡಿ, ನೆರೆಯವರನ್ನೂ ವಿಚಾರಿಸಿ ಹೋದರು. ‘ಈ ವಯಸ್ಸಿನಲ್ಲಿ ಏನು ಮಾಡಿಕೊಂಡಿರಿ ಸಾಹೇಬರೆ?’ ಎಂದು ನೆರೆಮನೆಯವರು ನಕ್ಕರು. ಕೆಲ ತಿಂಗಳ ನಂತರ ಷರತ್ತಿನ ಮೇಲೆ ಒಪ್ಪಿಗೆ ಬಂದಿತು. ಸಂದರ್ಶನವನ್ನು ಅಮೇರಿಕೆಯಲ್ಲಿ ಇಳಿದಾಗಲೇ ಕೆಲವು ನಿಲ್ದಾಣಗಳಲ್ಲಿ ಮುಗಿಸಿಕೊಳ್ಳಬಹುದು. 2023ರ ಪ್ರಯಾಣದಲ್ಲಿ ನಾವು ಹಾಗೆಯೇ ಮಾಡಿದೆವು.

ಅಂದು ಅಧಿಕಾರಿಯು ನನಗೆ ಕೇಳಿದ ಪ್ರಶ್ನೆಗಳು ನಾಲ್ಕೈದು ಮಾತ್ರ. ಏನು ಉದ್ಯೋಗ ಮಾಡಿದಿರಿ, ಯಾವ ಯಾವ ದೇಶಗಳಿಗೆ ಹೋಗಿದ್ದೀರಿ, ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ, ಯಾವುದಾದರೂ ದೇಶದ ಸುಂಕದ ನಿಯಮವನ್ನು ಮುರಿದಿದ್ದೀರಾ? ಕೊನೆಯ ಪ್ರಶ್ನೆಗೆ ನಾನು ತಲೆಯೆತ್ತಿ ‘ಎಂದಿಗೂ ಇಲ್ಲ’ ಎಂದೆ. ಅದು ಸತ್ಯವೂ ಆಗಿತ್ತು. ಬೆರಳಚ್ಚು ತೆಗೆದುಕೊಂಡು ಅವರು ಒಂದು ಮಾತು ಹೇಳಿದರು: ‘ಇದು ಹಕ್ಕಲ್ಲ, ಸವಲತ್ತು. ಏನು ತಂದಿದ್ದರೂ ಹೇಳಿರಿ.’ ನಾನು ತಲೆಯಾಡಿಸಿ ಹೊರಬಂದೆ. ಸವಲತ್ತು ಎಂಬ ಮಾತು ಬರಿಯ ಉಪಚಾರದ್ದಲ್ಲವೆಂದು ಆಮೇಲೆ ತಿಳಿದುಕೊಂಡೆ. 2020ರ ಫೆಬ್ರವರಿಯಲ್ಲಿ ವಾಹನ ಪರವಾನಗಿಯ ದಾಖಲೆಗಳ ಕುರಿತಾದ ಒಂದು ರಾಜ್ಯ ಕಾಯಿದೆಯ ನಿಮಿತ್ತ ಅಲ್ಲಿಯ ಕೇಂದ್ರ ಸರ್ಕಾರವು ನ್ಯೂಯಾರ್ಕ್ ರಾಜ್ಯದ ನಿವಾಸಿಗಳೆಲ್ಲರಿಗೂ ಈ ಏರ್ಪಾಡಿನ ಹೊಸ ನೋಂದಣಿಯನ್ನೂ ನವೀಕರಣವನ್ನೂ ನಿಲ್ಲಿಸಿಬಿಟ್ಟಿತ್ತು. ಅದು ಮತ್ತೆ ತೆರೆದದ್ದು ಜುಲೈನಲ್ಲಿ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. 2024ರಲ್ಲಿ ಮಗಳು, ಅಳಿಯ ಹೊಸ ಮನೆ ಕೊಂಡರು. ಗೃಹಪ್ರವೇಶಕ್ಕೆ ನಾವು ಅಕ್ಟೋಬರಿನಲ್ಲಿ ಹೊರಟೆವು. ನಮ್ಮ ಮನೆಯ ಹಿತ್ತಲಿನಲ್ಲಿ ನನ್ನ ತಂದೆಯವರು ನೆಟ್ಟ ಬಿಲ್ವದ ಮರವೊಂದಿದೆ. ನಿತ್ಯ ಲಿಂಗಪೂಜೆಗೆ ಅದರ ಪತ್ರೆಯೇ ಆಗಬೇಕು. ಮಗಳು ಚಿಕ್ಕವಳಿದ್ದಾಗ ಬೆಳಗಿನಲ್ಲಿ ಪತ್ರೆ ತರುವುದು ಅವಳ ಪಾಲಿನ ಕೆಲಸವಾಗಿತ್ತು. ‘ಹೊಸ ಮನೆಯ ಮೊದಲ ಪೂಜೆಗೆ ನಮ್ಮ ಮರದ ಪತ್ರೆ ಇರಲವ್ವಾ’ ಎಂದು ಅವಳು ದೂರವಾಣಿಯಲ್ಲಿ ಹೇಳಿದ್ದಳು. ನನ್ನ ಪತ್ನಿ ಹೊರಡುವ ಮುಂಜಾನೆ ಪತ್ರೆ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಒಂದು ಹಿಡಿ ಕರಿಬೇವನ್ನೂ ಸೇರಿಸಿ, ಚಟ್ನಿಪುಡಿ, ಹಪ್ಪಳ, ಸಂಡಿಗೆಗಳ ನಡುವೆ ಇಟ್ಟಳು.

ವಿಮಾನ ಇಳಿಯುವ ಮುನ್ನ ಆಕೆ ಕೇಳಿದಳು: ‘ಪತ್ರೆಯ ವಿಷಯ ಅವರಿಗೆ ಹೇಳಬೇಕಲ್ಲವೆ?’

ನಾನು ಹೇಳಿದ ಉತ್ತರವನ್ನು ಇಂದು ಬರೆಯಲು ನಾಚಿಕೆಯಾಗುತ್ತದೆ. ‘ನಾವು ಹೋಗುವ ದಾರಿಯಲ್ಲಿ ಅಷ್ಟೆಲ್ಲ ಕೇಳುವುದಿಲ್ಲ. ನಮ್ಮನ್ನು ನಂಬಿದ್ದಾರೆ. ಸುಮ್ಮನಿರು’ ಎಂದೆ. ಹೇಳಿದರೆ ಚೀಲ ಬಿಚ್ಚಿಸುತ್ತಾರೆ, ಹೊತ್ತಾಗುತ್ತದೆ, ಮಗಳು ಹೊರಗೆ ಕಾಯುತ್ತಿರುತ್ತಾಳೆ ಎಂಬುದಷ್ಟೇ ಆಗ ನನ್ನ ಮನಸ್ಸಿನಲ್ಲಿದ್ದುದು. ನಂಬಿದ್ದಾರೆ, ಆದುದರಿಂದ ಹೇಳಬೇಕಿಲ್ಲ ಎಂಬ ನನ್ನ ವಾದದಲ್ಲಿ ಎಂತಹ ತಪ್ಪಿದೆಯೆಂಬುದು ಹೊಳೆಯಲೇ ಇಲ್ಲ.

ನಮ್ಮ ದಾರಿ ನಿಜವಾಗಿಯೂ ಬೇಗ ಸಾಗಿತು. ಯಂತ್ರವೊಂದರ ಮುಂದೆ ನಿಂತೊಡನೆ ಅದು ಮುಖವನ್ನು ಗುರುತಿಸಿತು. ಮುಂದೆ ಒಬ್ಬ ಅಧಿಕಾರಿ. ಅವರು ಪಾಸ್‌ಪೋರ್ಟ್ ನೋಡಿ, ಎಷ್ಟು ದಿನ ಇರುವಿರೆಂದು ವಿಚಾರಿಸಿ, ನಗುತ್ತಲೇ ‘ಆಹಾರ, ಹಣ್ಣು, ಗಿಡ, ಎಲೆ ಏನಾದರೂ ತಂದಿದ್ದೀರಾ?’ ಎಂದರು. ನಾನು ಚಟ್ನಿಪುಡಿ, ಹಪ್ಪಳಗಳ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಿದೆ. ಹೇಳಿದ್ದೆಲ್ಲವೂ ಸತ್ಯವೇ ಆಗಿತ್ತು. ಸುಳ್ಳು ಇದ್ದುದು ನಿಲ್ಲಿಸಿದ ಜಾಗದಲ್ಲಿ. ಅವರು ‘ಆಯಿತು’ ಎಂದು ಪಾಸ್‌ಪೋರ್ಟ್ ಹಿಂದಿರುಗಿಸುವಷ್ಟರಲ್ಲಿ ನನ್ನ ಪತ್ನಿ ಮುಂದೆ ಬಂದು, ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳನ್ನು ಕೂಡಿಸಿ, ‘ಸರ್, ಲೀಫ್. ಪೂಜಾ ಲೀಫ್’ ಎಂದಳು.

ನನ್ನ ಎದೆ ಝಲ್ಲೆಂದಿತು. ಅಧಿಕಾರಿ ನನ್ನ ಮುಖವನ್ನೊಮ್ಮೆ, ಆಕೆಯ ಮುಖವನ್ನೊಮ್ಮೆ ನೋಡಿದರು. ಬಳಿಕ ಒಂದು ಗುರುತು ಹಾಕಿ ನಮ್ಮನ್ನು ಕೃಷಿ ತಪಾಸಣೆಯ ಕೋಣೆಗೆ ಕಳುಹಿಸಿದರು. ಅಲ್ಲಿ ಒಂದು ತಾಸು ಕಾಯಬೇಕಾಯಿತು. ಇಂಥ ಕಾಯುವಿಕೆಯನ್ನು ತಪ್ಪಿಸಿಕೊಳ್ಳುವುದಕ್ಕೆಂದೇ ಎರಡು ವರ್ಷ ಹಿಂದೆ ಅರ್ಜಿ ಹಾಕಿದ್ದೆ ಎಂಬುದು ನೆನಪಾಗಿ ನಾನು ಆಕೆಯೊಡನೆ ಮಾತಾಡದೆ ಕುಳಿತೆ.

ನಮ್ಮ ಸರದಿ ಬಂದಾಗ ತಪಾಸಣೆಯ ಮಹಿಳೆ ಒದ್ದೆ ಬಟ್ಟೆಯನ್ನು ಬಿಡಿಸಿ, ಒಂದೊಂದೇ ಎಲೆಯನ್ನು ತಿರುವಿ ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿದರು. ಇವನ್ನು ಒಳಗೆ ಬಿಡಲಾಗದು ಎಂದರು. ಕಾರಣವನ್ನೂ ತಾಳ್ಮೆಯಿಂದ ತಿಳಿಸಿದರು. ಬಿಲ್ವ, ಕರಿಬೇವು, ನಿಂಬೆ, ಕಿತ್ತಳೆ ಇವೆಲ್ಲವೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬಕ್ಕೆ ಸೇರಿದವು. ಇಂತಹ ಗಿಡಗಳ ಎಳೆಯ ಚಿಗುರಿನ ರಸ ಹೀರುವ ಒಂದು ಅತಿ ಚಿಕ್ಕ ಕೀಟವು ಕಿತ್ತಳೆಗೆ ಮದ್ದಿಲ್ಲದ ರೋಗವೊಂದನ್ನು ಅಂಟಿಸುತ್ತದೆ. 2005ರಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಆ ರೋಗ ಕಾಣಿಸಿಕೊಂಡ ಮೇಲೆ ಅಲ್ಲಿಯ ಕಿತ್ತಳೆ ಬೆಳೆಯ ಬಹುಪಾಲು ಹಾಳಾಗಿದೆ. ತಲೆಮಾರುಗಳಿಂದ ತೋಟ ಮಾಡಿಕೊಂಡಿದ್ದ ರೈತರು ಅದನ್ನು ಬಿಟ್ಟಿದ್ದಾರೆ. ಆ ಮಾತು ಕೇಳಿದಾಗ ನನಗೆ ನಮ್ಮ ಕೊಡಗಿನ ಕಿತ್ತಳೆಯ ನೆನಪಾಯಿತು. ಒಂದು ಕಾಲಕ್ಕೆ ನಾಡಿಗೆಲ್ಲ ಹೆಸರಾದ ಆ ಹಣ್ಣು ಕ್ಷೀಣಿಸಿದ ಕಾರಣಗಳಲ್ಲಿ ಇದೇ ರೋಗವೂ ಒಂದು. ನಾನು ಇದನ್ನು ಕೇವಲ ಸುಂಕದವರ ಕಾಟವೆಂದು ತಿಳಿದಿದ್ದೆ. ಅದರ ಆ ಬದಿಯಲ್ಲಿ ಯಾವನೋ ಒಬ್ಬ ಒಕ್ಕಲಿಗನ ತೋಟವಿತ್ತು.

ಎಲೆಗಳನ್ನು ಅವರು ಚೀಲಕ್ಕೆ ಹಾಕಿ ಮುಚ್ಚಿದರು. ನನ್ನ ಪತ್ನಿಯ ಕಣ್ಣು ತೇವವಾದುದನ್ನು ಕಂಡು ‘ಕ್ಷಮಿಸಿರಿ’ ಎಂದರು. ದಂಡವೇನೂ ಇಲ್ಲ, ಏಕೆಂದರೆ ನಾವಾಗಿ ಹೇಳಿದ್ದೆವು. ಹೇಳಿದ ಪದಾರ್ಥವು ನಿಷಿದ್ಧವಾದರೆ ಅದನ್ನು ತೆಗೆದುಕೊಳ್ಳುವರಷ್ಟೇ. ಹೇಳದೆ ಸಿಕ್ಕಿಬಿದ್ದರೆ ದಂಡವು ಹತ್ತು ಸಾವಿರ ಡಾಲರ್‌ವರೆಗೂ ಏರಬಹುದೆಂದು ಅಲ್ಲಿಯ ನಿಯಮವೇ ಸಾರುತ್ತದೆ. ನಂಬತಕ್ಕ ಪ್ರಯಾಣಿಕನೆಂಬ ಹೆಸರೂ ಹೋಗುತ್ತದೆ. ‘ಈ ಸಾಲಿನವರು ಹೇಳದಿದ್ದರೆ ನಮಗೆ ಹೆಚ್ಚು ಬೇಸರವಾಗುತ್ತದೆ’ ಎಂದು ಆ ಮಹಿಳೆ ಹೇಳಿದ ಮಾತು ನನ್ನ ಕಿವಿಯಲ್ಲಿ ಉಳಿಯಿತು.

ಹೊರಗೆ ಬರುವ ದಾರಿಯಲ್ಲಿ ನಾನು ‘ನೀನೇಕೆ ಹೇಳಿದೆ?’ ಎಂದು ಕೇಳಿದೆ. ಆಗಲೂ ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟೇ ಇದ್ದಿರಬೇಕು. ಆಕೆ ನಡೆಯುವುದನ್ನು ನಿಲ್ಲಿಸಿ, ‘ಸುಳ್ಳು ಹೇಳಿ ತಂದ ಪತ್ರೆಯನ್ನು ಪೂಜೆಗೆ ಏರಿಸಲು ಕೈ ಹೇಗೆ ಬರುತ್ತಿತ್ತು ನಿಮಗೆ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಗೃಹಪ್ರವೇಶದ ದಿನ ಮಗಳ ಹಿತ್ತಲಲ್ಲಿ ಚಳಿಗೆ ಉಳಿದಿದ್ದ ನಾಲ್ಕು ಹಳದಿ ಸೇವಂತಿಗೆಗಳಿಂದ ಪೂಜೆ ನೆರವೇರಿತು. ಮಗಳು ಮೊದಲು ಸಣ್ಣ ಮುಖ ಮಾಡಿದಳಾದರೂ, ನಡೆದುದನ್ನು ಕೇಳಿದ ಮೇಲೆ ತಾಯಿಯ ಕೈಯನ್ನು ಬಹಳ ಹೊತ್ತು ಹಿಡಿದು ಕುಳಿತಳು.

ಆ ಚಳಿಗಾಲದಲ್ಲಿ ನಾನು ಇದನ್ನು ಹಲವು ಬಾರಿ ಮೆಲುಕು ಹಾಕಿದೆ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈಗಳಿರುತ್ತವೆ. ಒಂದು ಒಬ್ಬ ಅಧಿಕಾರಿಯ ಬಳಿ, ಮತ್ತೊಂದು ಬೇರೊಬ್ಬರ ಬಳಿ. ಎರಡೂ ಕೂಡದೆ ಬಾಗಿಲು ತೆರೆಯದು. ನಾನು ನೌಕರಿಗೆ ಸೇರಿದ ಹೊಸದರಲ್ಲಿ, ‘ನಮ್ಮನ್ನು ನಂಬುವುದಿಲ್ಲವೆಂದು ತಾನೆ ಈ ವ್ಯವಸ್ಥೆ?’ ಎಂದು ಹಿರಿಯ ಅಧಿಕಾರಿಯೊಬ್ಬರನ್ನು ಕೇಳಿದ್ದೆ. ‘ನಂಬದವನ ಕೈಗೆ ಒಂದು ಕೀಲಿಯನ್ನಾದರೂ ಕೊಡುತ್ತಾರೇನಪ್ಪಾ? ನಂಬಿದವನು ಜಾರದಿರಲೆಂದು ಎರಡನೆಯ ಕೀಲಿ’ ಎಂದು ಅವರು ಉತ್ತರಿಸಿದ್ದರು. ಮೂವತ್ತಾರು ವರ್ಷ ಆ ಕೀಲಿಯನ್ನು ಸೊಂಟದಲ್ಲಿ ಇಟ್ಟುಕೊಂಡು ಒಂದು ಪೈಸೆಯನ್ನೂ ತಪ್ಪಿಸದ ನಾನು, ಅರ್ಧ ಗಂಟೆ ಉಳಿಸುವ ಆಸೆಗೆ ಜಾರಿದ್ದೆ. ಅಂದು ಎರಡನೆಯ ಕೀಲಿಕೈ ನನ್ನ ಪತ್ನಿಯ ಬಳಿಯಿತ್ತು.

2025ರ ಮಾರ್ಚಿಯಲ್ಲಿ ನಾವು ಹಿಂದಿರುಗಿದಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿಯೂ ಇದೇ ಬಗೆಯ ದ್ವಾರಗಳನ್ನು ಕಂಡೆವು. ನಮ್ಮ ಕೇಂದ್ರ ಗೃಹ ಇಲಾಖೆಯು 2024ರ ಜೂನ್ 22ರಂದು ದೆಹಲಿಯಲ್ಲಿ ಆರಂಭಿಸಿದ ‘ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್’ ಯೋಜನೆಯು 2025ರ ಜನವರಿ 16ರಂದು ಬೆಂಗಳೂರು, ಮುಂಬಯಿ, ಚೆನ್ನೈ, ಕೋಲ್ಕತಾ, ಹೈದರಾಬಾದ್, ಕೊಚ್ಚಿ, ಅಹಮದಾಬಾದ್ ನಿಲ್ದಾಣಗಳಿಗೆ ವಿಸ್ತರಿಸಿತ್ತು. ಭಾರತೀಯ ಪ್ರಜೆಗಳೂ, ಓಸಿಐ ಕಾರ್ಡು ಹೊಂದಿದ ಸಾಗರೋತ್ತರ ಭಾರತೀಯರೂ ಇದರಲ್ಲಿ ಸೇರಬಹುದು. ನಾವು ಆಮೇಲೆ ನೋಂದಾಯಿಸಿಕೊಂಡೆವು, ಶುಲ್ಕ ಕೇಳಲಿಲ್ಲ. ಗಣಕಯಂತ್ರದಲ್ಲಿ ಅರ್ಜಿ ತುಂಬಿ, ಪರಿಶೀಲನೆಯಾದ ಮೇಲೆ ವಿಮಾನ ನಿಲ್ದಾಣದಲ್ಲಾಗಲಿ ವಿದೇಶೀಯರ ನೋಂದಣಿ ಕಚೇರಿಯಲ್ಲಾಗಲಿ ಬೆರಳಚ್ಚು, ಭಾವಚಿತ್ರ ಕೊಡಬೇಕು. ಅರ್ಜಿಯ ಕಾಲಕ್ಕೆ ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ನೋಂದಣಿಯು ಐದು ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ದ್ವಾರದಲ್ಲಿ ವಿಮಾನದ ಚೀಟಿ, ಪಾಸ್‌ಪೋರ್ಟುಗಳನ್ನು ತೋರಿಸಿ, ಗುರುತು ಹೊಂದಿಕೆಯಾದರೆ ಬಾಗಿಲು ತಾನೇ ತೆರೆಯುತ್ತದೆ.

ಹೋಗಿ ಬರುವ ಹಿರಿಯರಿಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಈ ಸದಸ್ಯತ್ವವು ವೀಸಾಕ್ಕೆ ಬದಲಲ್ಲ. ವೀಸಾ ಬೇಕೇ ಬೇಕು. ಕುಟುಂಬದಲ್ಲಿ ಒಬ್ಬರಿಗಿದ್ದರೆ ಉಳಿದವರಿಗೆ ಸಲ್ಲದು. ಪುಟ್ಟ ಮಗುವಾದರೂ ಅಮೇರಿಕೆಯ ಆ ಸಾಲಿನಲ್ಲಿ ನಡೆಯಲು ತನ್ನದೇ ನೋಂದಣಿ ಬೇಕು. ಪಾಸ್‌ಪೋರ್ಟ್ ಹೊಸದಾದಾಗ ಮರೆಯದೆ ತಿಳಿಸಬೇಕು. ನಮ್ಮ ದೇಶದ ದ್ವಾರವು ವಲಸೆ ತಪಾಸಣೆಗೆ ಮಾತ್ರ; ಸುಂಕದ ಹಸಿರು, ಕೆಂಪು ದಾರಿಗಳು ಅದರಿಂದಾಚೆ ಎಂದಿನಂತೆಯೇ ಇವೆ. ಎಲ್ಲಕ್ಕಿಂತ ಮುಖ್ಯವಾಗಿ, ತಂದುದನ್ನು ತಂದೆವೆಂದು ಹೇಳಿರಿ. ಭಾಷೆ ಬಾರದಿದ್ದರೆ ಚೀಲ ತೆರೆದು ತೋರಿಸಿರಿ. ಅದಕ್ಕೆ ಹತ್ತು ನಿಮಿಷವಾಗಲಿ, ಒಂದು ತಾಸಾಗಲಿ, ಅದು ವ್ಯರ್ಥವಾದ ಕಾಲವಲ್ಲ.

2025ರ ಕೊನೆಯಲ್ಲಿ ಮತ್ತೆ ಮಗಳಲ್ಲಿಗೆ ಹೋದಾಗ ಎರಡೂ ತುದಿಯಲ್ಲಿ ಬಾಗಿಲುಗಳು ಬೇಗ ತೆರೆದವು. ಪಕ್ಕದಲ್ಲಿ ಎಂದಿನ ಉದ್ದನೆಯ ಸಾಲು ಇತ್ತು. ಅದರೊಳಗೆ ಸೆರಗು ಹೊದ್ದ ತಾಯಂದಿರಿದ್ದರು, ವಿಳಾಸದ ಚೀಟಿ ಹಿಡಿದ ಮುದುಕರಿದ್ದರು. ಅವರು ನಮಗಿಂತ ಕಡಿಮೆ ನಂಬತಕ್ಕವರೇನಲ್ಲ. ಅವರನ್ನು ಯಾರೂ ಇನ್ನೂ ಕೇಳಿಲ್ಲ, ಅಷ್ಟೆ. ಅಧಿಕಾರಿಯು ಏನು ತಂದಿದ್ದೀರೆಂದು ಕೇಳಿದಾಗ ಈ ಸಲ ನಾನು ಸುಮ್ಮನಿದ್ದು ಪತ್ನಿಯ ಕಡೆ ನೋಡಿದೆ. ಆಕೆ ಬೆರಳು ಮಡಚಿ ಎಣಿಸುತ್ತ ಚಟ್ನಿಪುಡಿ, ಹಪ್ಪಳ, ಸಂಡಿಗೆ, ಕರದಂಟು ಎಲ್ಲವನ್ನೂ ಹೇಳಿ, ಕೊನೆಗೆ ತಾನಾಗಿಯೇ ‘ನೋ ಲೀಫ್, ಸರ್’ ಎಂದು ಸೇರಿಸಿದಳು. ಅವರು ನಕ್ಕು ದಾರಿ ಬಿಟ್ಟರು.